ಗುಲಗಂಜಿ ಹುಳದ ಚುಕ್ಕೆ ಎಣಿಸಬೇಡಿ

ಕುಂಡದ ಅವರೆ ಗಿಡಕ್ಕೆ ಹೇನು ಹತ್ತಿದರೆ ಹಿಂದೆಯೇ ಅವನ್ನು ತಿನ್ನಲು ಗುಲಗಂಜಿ ಹುಳಗಳೂ (ಲೇಡಿಬಗ್) ಬರುತ್ತವೆ. ಬೆಂಗಳೂರಿನ ತಾರಸಿಯಲ್ಲೇ ನಾಲ್ಕೈದು ಜಾತಿ ಸಿಗಬಹುದು. ಗುರುತಿಸಬೇಕು ಅಂದರೆ ಎಲ್ಲರೂ ಮೊದಲು ಬೆನ್ನಿನ ಚುಕ್ಕೆ ಎಣಿಸುತ್ತೇವೆ, ಅಲ್ವಾ? ನಾನೂ ಎಣಿಸಿ ಮೂರು ಜಾತಿ ಅಂತ ಬರೆದುಕೊಂಡಿದ್ದೆ. ಒಂದು ದಿನ ಆ ಮೂರರಲ್ಲಿ ಎರಡು ಜೋಡಿಯಾಗಿ ಕೂತಿದ್ದವು. ಪುಸ್ತಕದ ಆ ಹಾಳೆ ಹರಿದು ಹಾಕಿದೆ.

ಮೊದಲು ಹಿಡಿಯಿರಿ. ಕೊಂಬೆಯ ಕೆಳಗೆ ಕೊಡೆಯನ್ನು ತಲೆಕೆಳಗಾಗಿ ಹಿಡಿದು ಮೆಲ್ಲಗೆ ತಟ್ಟಿದರೆ ಉದುರುತ್ತವೆ. ಬೆರಳಿಗೆ ಹಳದಿ ರಸ ಅಂಟಿದರೆ ಗಾಬರಿ ಬೇಡ, ಹೆದರಿದಾಗ ಕಾಲಿನ ಗೆಣ್ಣಿನಿಂದ ಬಿಡುವ ಕಹಿ ರಕ್ತ ಅದು. ಡಬ್ಬಿಗೆ ಹಾಕಿ ಐದು ನಿಮಿಷ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಲ್ಲ. ಸುಮ್ನೆ ಕೂರುತ್ತದೆ.

ಈಗ ಭೂತಗನ್ನಡಿಯಲ್ಲಿ ಮೀಸೆ ನೋಡಿ. ಗಿಡ್ಡಗಿದ್ದು ತುದಿ ದಪ್ಪಗಿದ್ದರೆ ಗುಲಗಂಜಿ ಹುಳ. ದಾರದ ಹಾಗೆ ಉದ್ದಕ್ಕಿದ್ದರೆ ಅದು ಎಲೆ ತಿನ್ನುವ ಬೇರೆಯೇ ಕುಟುಂಬದ್ದು, ಬಣ್ಣ ನೋಡಿ ಮೋಸ ಹೋಗಬೇಡಿ.

ಆಮೇಲೆ ಬೆನ್ನು. ಮಿರಿಮಿರಿ ಹೊಳೆಯುತ್ತದಾ, ಸಣ್ಣ ಕೂದಲಿದ್ದು ಮಂಕಾಗಿದೆಯಾ? ಬದನೆ ಎಲೆಯನ್ನು ಜರಡಿ ಮಾಡಿಟ್ಟ ಮಂಕು ಕಂದು ಹುಳ ಹೆನೊಸೆಪಿಲಾಕ್ನ, ಈ ಕುಟುಂಬದಲ್ಲೇ ಇರುವ ಸಸ್ಯಾಹಾರಿ. ಹಾಗಂತ ಕೂದಲಿದ್ದದ್ದೆಲ್ಲ ಸಸ್ಯಾಹಾರಿಯಲ್ಲ: ದಾಸವಾಳದ ಹಿಟ್ಟು ತಿಗಣೆಗಳ ನಡುವೆ ಕಪ್ಪು ಬೆನ್ನು, ಕಿತ್ತಳೆ ತಲೆಯ ಹುಳ ಕಂಡರೆ ಅದು ತಿಗಣೆ ತಿನ್ನುವ ಕ್ರಿಪ್ಟೊಲೀಮಸ್, 1898ರಲ್ಲಿ ಕಾಫಿ ಗಿಡದ ಕೀಟ ತಿನ್ನಲಿ ಅಂತ ಆಸ್ಟ್ರೇಲಿಯಾದಿಂದ ತಂದದ್ದು, ಹಾಗಾಗಿ ನಮ್ಮೂರಿನ ಹುಳಗಳ ಪಟ್ಟಿಗೆ ಸೇರಿಸಬೇಡಿ. ಬೂದಿ ರೋಗದ ಎಲೆ ಮೇಲೆ ನಿಂಬೆ ಹಳದಿ ಹುಳ ಇದ್ದರೆ ಇಲ್ಲೆಯಿಸ್. ಅದಕ್ಕೆ ಆ ಬೂಷ್ಟೇ ಊಟ. ಯಾವ ಗಿಡದಲ್ಲಿತ್ತು, ಏನು ತಿನ್ನುತ್ತಿತ್ತು ಅಂತ ಬರೆದಿಟ್ಟರೆ ಅರ್ಧ ಕೆಲಸ ಆದ ಹಾಗೆ.

ಚುಕ್ಕೆ ಕೊನೆಗೆ. ಹೇನಿನ ಹತ್ತಿರ ಜಾಸ್ತಿ ಸಿಗುವ ಕೈಲೊಮೆನೆಸ್ ಸೆಕ್ಸ್‌ಮ್ಯಾಕ್ಯುಲೇಟದ ಹೆಸರಲ್ಲಿ ಆರು ಚುಕ್ಕೆ ಇದೆ, ಬೆನ್ನ ಮೇಲಿರುವುದು ಅಂಕುಡೊಂಕು ಗೆರೆ, ಕೆಲವು ಹೆಚ್ಚುಕಡಿಮೆ ಪೂರ್ತಿ ಕಪ್ಪು. ನಾನು ಮೂರು ಜಾತಿ ಮಾಡಿದ್ದು ಇದನ್ನೇ.

ಸ್ಕಿಮ್ನಸ್ ಅನ್ನುವ ಗುಂಪಿನ ಎರಡು ಮಿಲಿಮೀಟರಿನ ಕಂದು ಗುಲಗಂಜಿ ಹುಳಗಳ ಮಾತು ಬೇರೆ. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂಥ ಕಡೆ ಇರುವ ತಜ್ಞರಿಗೂ ಗಂಡಿನ ಹೊಟ್ಟೆ ಬಿಡಿಸಿ ಜನನಾಂಗದ ಆಕಾರ ನೋಡದೆ ಹೆಸರು ಹೇಳುವುದು ಕಷ್ಟ. ನೀವು ‘ಸ್ಕಿಮ್ನಸ್, ಜಾತಿ ಗೊತ್ತಿಲ್ಲ’ ಅಂತ ತಾರೀಖು ಹಾಕಿ ಮುಂದಕ್ಕೆ ಹೋಗಿ. ನನ್ನ ಪುಸ್ತಕದಲ್ಲಿ ಅಂಥವೇ ಜಾಸ್ತಿ.