ರೇಸ್ ಕುದುರೆಗೆ ಹಾರುವುದನ್ನು ಕಲಿಸುವುದು ಹೇಗೆ?

ನಮ್ಮ ರೈಡಿಂಗ್ ಶಾಲೆಗಳಲ್ಲಿರುವ ಎಷ್ಟೋ ಕುದುರೆಗಳು ರೇಸ್ ಬಿಟ್ಟು ಬಂದ ಥರೋಬ್ರೆಡ್‌ಗಳು, ಅಂದರೆ ಓಟಕ್ಕೆಂದೇ ಬೆಳೆಸಿದ ತಳಿ. ಓಡಿ ಗೆಲ್ಲದ ಕುದುರೆ ಯಾವ ಕೆಲಸಕ್ಕೂ ಬಾರದು ಅಂದುಕೊಳ್ಳಬೇಡಿ. 1949ರಲ್ಲಿ ಚಿಲಿ ದೇಶದ ವಾಸೊ ಎಂಬ ಕುದುರೆ 2.47 ಮೀಟರ್ ಎತ್ತರ ಹಾರಿತು. ಆ ದಾಖಲೆ ಇವತ್ತಿಗೂ ಮುರಿದಿಲ್ಲ. ವಾಸೊ ಕೂಡ ರೇಸ್‌ನಲ್ಲಿ ಹೆಸರು ಮಾಡದ ಥರೋಬ್ರೆಡ್ಡೇ. ಹಾರಿದಾಗ ಅದಕ್ಕೆ 16 ವರ್ಷ!

ಮೊದಲ ಕೆಲಸ, ಸುಮ್ನೆ ಬಿಡುವುದು. ರೇಸ್ ಕುದುರೆ ದಿನದ ಬಹುಪಾಲು ಲಾಯದಲ್ಲೇ ನಿಂತಿರುತ್ತದೆ, ಕಾಳು ಜಾಸ್ತಿ ತಿಂದಿರುತ್ತದೆ. ಒಂದೆರಡು ತಿಂಗಳು ಬಯಲಿನಲ್ಲಿ ಓಡಾಡಲಿ. ಓಟ್ಸ್ ನಿಧಾನವಾಗಿ ಕಡಿಮೆ ಮಾಡಿ, ಒಣಹುಲ್ಲು ಮತ್ತು ಕುದುರೆ ಮೆಂತೆ (ಲೂಸರ್ನ್ ಮೇವು) ಹೆಚ್ಚಿಸಿ. ಈ ಬಿಡುವಿನಲ್ಲೇ ಪಶುವೈದ್ಯರಿಗೆ ಕಾಲು, ಬೆನ್ನು, ಹಲ್ಲು ತೋರಿಸಿ.

ಆಮೇಲೆ ನಡಿಗೆ. ಜೀನು ಹಾಕಿ ದಿನಕ್ಕೆ 20 ನಿಮಿಷದಿಂದ ಶುರು ಮಾಡಿ, ನಾಲ್ಕು ವಾರದಲ್ಲಿ 45 ನಿಮಿಷಕ್ಕೆ ಬನ್ನಿ. ಆಮೇಲೆ ಸ್ವಲ್ಪ ಸ್ವಲ್ಪ ಟ್ರಾಟ್ ಎಂಬ ನಿಧಾನ ಓಟ, ಅದಾದ ಮೇಲೆ ಕ್ಯಾಂಟರ್ ಎಂಬ ಅದಕ್ಕಿಂತ ವೇಗದ ಓಟ. ಒಂದು ವಾರ ಹೊತ್ತು ಹೆಚ್ಚಿಸಿದರೆ ವೇಗ ಹೆಚ್ಚಿಸಬೇಡಿ. ದವಡೆಯ ಕೆಳಗೆ ಬೆರಳಿಟ್ಟರೆ ನಾಡಿ ಸಿಗುತ್ತದೆ. ಸುಮ್ಮನೆ ನಿಂತಾಗ ನಿಮಿಷಕ್ಕೆ 28ರಿಂದ 44 ಇರುತ್ತದೆ. ಕೆಲಸ ಮುಗಿದು ಹತ್ತು ನಿಮಿಷಕ್ಕೆ ಅದು 60ರ ಆಸುಪಾಸಿಗೆ ಇಳಿಯಬೇಕು. ಇಳಿಯದಿದ್ದರೆ ನೀವು ಆತುರ ಮಾಡುತ್ತಿದ್ದೀರಿ.

ಎಲ್ಲರೂ ಎಡವುವುದು ಇಲ್ಲೇ. ಎರಡು ಮೂರು ತಿಂಗಳಲ್ಲಿ ಕುದುರೆಯ ಎದೆ, ಉಸಿರು ಗಟ್ಟಿಯಾಗುತ್ತವೆ. ಅದು ಕುಣಿದಾಡುತ್ತದೆ, ನಮಗೂ ಇನ್ನು ಹಾರಿಸೋಣ ಅನ್ನಿಸುತ್ತದೆ. ಆದರೆ ಮುಂಗಾಲಿನ ಮಂಡಿಯ ಕೆಳಗೆ ಮಾಂಸಖಂಡವೇ ಇಲ್ಲ. ಇರುವುದು ಮೂಳೆ, ಟೆಂಡನ್ (ಮಾಂಸಖಂಡವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರು), ಚರ್ಮ. ಹಾರಿ ಇಳಿಯುವಾಗ ಭಾರವೆಲ್ಲ ಬೀಳುವುದು ಅದರ ಮೇಲೆ. ಟೆಂಡನ್‌ಗೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ಅದು ಗಟ್ಟಿಯಾಗಲು ಆರು ತಿಂಗಳಿಗೂ ಜಾಸ್ತಿ ಬೇಕು. ನಾನು ಒಂದು ಹೆಣ್ಣು ಕುದುರೆಯನ್ನು ಮೂರನೇ ತಿಂಗಳಿಗೇ ಹಾರಿಸಿದೆ. ಮರುದಿನ ಬೆಳಿಗ್ಗೆ ಅದರ ಎಡ ಮುಂಗಾಲಿನ ಹಿಂಭಾಗ ಬಾಳೆಕಾಯಿಯಂತೆ ಉಬ್ಬಿತ್ತು. ಮುಟ್ಟಿದರೆ ಬಿಸಿ. ಕಾಲಿಗೆ ತಣ್ಣೀರು ಹರಿಸುತ್ತಾ, ಪಟ್ಟಿ ಕಟ್ಟುತ್ತಾ ಎಂಟು ತಿಂಗಳು ಕಳೆದವು. ಅದು ಒಮ್ಮೆಯೂ ಹಾರಲ್ಲ ಅಂದಿರಲಿಲ್ಲ. ಆ ನೋವು ಇನ್ನೂ ನನ್ನಲ್ಲಿದೆ.

ಈ ಕಾಯುವ ತಿಂಗಳುಗಳಲ್ಲಿ ಲಗಾಮಿನ ಪಾಠ ಮಾಡಿ. ರೇಸ್ ಕುದುರೆ ಲಗಾಮು ಎಳೆದರೆ ಅದಕ್ಕೇ ಒರಗಿ ಓಡುತ್ತದೆ. ಹಾಗೆ ಎಳೆದು ನಿಲ್ಲಿಸಲು ಆಗಲ್ಲ. ನೀವು ಬೆನ್ನು ನೆಟ್ಟಗೆ ಮಾಡಿ ಜೀನಿನಲ್ಲಿ ಊರಿ ಕೂತಾಗ ಅದು ನಿಧಾನಿಸಲು ಕಲಿಯಬೇಕು. 20 ಮೀಟರ್ ಅಗಲದ ಸುತ್ತುಗಳನ್ನು ಎಡಕ್ಕೂ ಬಲಕ್ಕೂ ಹಾಕಿಸಿ. ಒಂದೇ ದಿಕ್ಕಿಗೆ ಓಡಿದ ಮೈ ಒಂದು ಬದಿಗೆ ಬಿಗಿಯಾಗಿರುತ್ತದೆ.

ನೆಲದ ಮೇಲೆ ಒಂದು ಪೋಲ್ (ಉದ್ದನೆಯ ಗಳು) ಇಟ್ಟು ನಡೆಸಿಕೊಂಡು ದಾಟಿಸಿ. ಅಭ್ಯಾಸವಾದ ಮೇಲೆ ನಾಲ್ಕು ಪೋಲ್ ಇಡಿ. ನಡುವೆ ಸುಮಾರು 1.3 ಮೀಟರ್ ಜಾಗವಿರಲಿ. ಟ್ರಾಟ್‌ನಲ್ಲಿ ದಾಟುವಾಗ ಗೊರಸಿನ ಸದ್ದು ಕೇಳಿ. ಟಕ್, ಟಕ್, ಟಕ್ ಎಂದು ಒಂದೇ ತಾಳದಲ್ಲಿ ಬಂದರೆ ಜಾಗ ಸರಿಯಿದೆ. ತಡವರಿಸಿದರೆ ಪೋಲ್‌ಗಳನ್ನು ಸ್ವಲ್ಪ ಸರಿಸಿ, ಕುದುರೆಯನ್ನು ಗದರಬೇಡಿ.

ಮೊದಲ ಜಂಪ್ ಎರಡು ಪೋಲ್‌ಗಳನ್ನು ಕತ್ತರಿಯ ಹಾಗೆ ಇಟ್ಟದ್ದು, ನಡುವೆ ಮೊಣಕಾಲಿಗಿಂತ ಕಡಿಮೆ ಎತ್ತರ. ಅದಕ್ಕೆ 2.7 ಮೀಟರ್ ಮುಂಚೆ ನೆಲದಲ್ಲೊಂದು ಪೋಲ್ ಇದ್ದರೆ, ಎಲ್ಲಿ ನೆಗೆಯಬೇಕೆಂದು ಕುದುರೆಗೆ ತಾನಾಗೇ ತಿಳಿಯುತ್ತದೆ. ನೀವು ಮಾತ್ರ ಕೈಯಲ್ಲಿ ಒಂದು ಹಿಡಿ ಜೂಲು ಹಿಡಿದಿರಿ. ಕುದುರೆಯ ಕಣ್ಣು ಇರುವುದು ತಲೆಯ ಪಕ್ಕದಲ್ಲಿ, ಮೂಗಿನ ಎದುರೇ ಇರುವುದು ಅದಕ್ಕೆ ಕಾಣದು. ನೆಗೆಯುವ ಗಳಿಗೆಯಲ್ಲಿ ಪೋಲ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಸ್ವಲ್ಪ ಮುಂಚೆ ಕಂಡದ್ದನ್ನು ನಂಬಿ ಹಾರುತ್ತದೆ. ಆಗ ಬಾಯಿಗೆ ಲಗಾಮು ಜಗ್ಗಿದರೆ ಮುಂದಿನ ಸಲ ಅದು ಯಾಕೆ ನಂಬಬೇಕು, ಅಲ್ವಾ?

ವಾರಕ್ಕೆ ಎರಡೇ ದಿನ ಹಾರಿಸಿ, ಇಪ್ಪತ್ತು ನಿಮಿಷ ಸಾಕು. ಬೇಸಿಗೆಯಲ್ಲಿ ನೆಲ ಕಲ್ಲಿನಂತಾಗಿದ್ದರೆ ಅಥವಾ ಮಳೆಗೆ ಜಾರುತ್ತಿದ್ದರೆ ಅದೂ ಬೇಡ. ಕುದುರೆ ಪೋಲ್ ಎದುರು ನಿಂತುಬಿಟ್ಟರೆ ಚಾವಟಿ ಎತ್ತುವ ಮುಂಚೆ ಜೀನಿನ ಅಡಿ, ಬೆನ್ನು, ಗೊರಸು ನೋಡಿ. ಬಹಳ ಸಲ ನೋವೇ ಕಾರಣ.

ಹಾರಿಸಿದ ಮರುದಿನ ಬೆಳಿಗ್ಗೆ ಕಾಳು ಕೊಡುವ ಮೊದಲು ಲಾಯಕ್ಕೆ ಹೋಗಿ. ಮಂಡಿಯಿಂದ ಕೆಳಕ್ಕೆ, ಕಾಲಿನ ಹಿಂಬದಿಯಲ್ಲಿ ಅಂಗೈ ಇಳಿಸಿ. ಟೆಂಡನ್ ಬಿಗಿದ ಹಗ್ಗದಂತೆ ನುಣುಪಾಗಿ ಸಿಗಬೇಕು. ಎರಡೂ ಕಾಲು ಒಂದೇ ಸಮ ತಣ್ಣಗಿದ್ದರೆ ಮುಂದಿನ ವಾರ ಪೋಲನ್ನು ಐದು ಸೆಂಟಿಮೀಟರ್ ಏರಿಸಿ. ಒಂದು ಕಾಲು ತುಸು ಬೆಚ್ಚಗಿದ್ದರೂ ಜೀನು ಕೆಳಗಿಟ್ಟು ಪಶುವೈದ್ಯರಿಗೆ ಫೋನ್ ಮಾಡಿ.