ಸ್ಟಾಪ್‌ವಾಚ್ ಸಾಕಾ, ಸಿಐ ಬೇಕಾ?

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಪೈಥಾನ್, ಎಸ್‌ಕ್ಯೂಲೈಟ್ ಡೇಟಾಬೇಸ್, ಒಂದು ಹಳೇ ಪ್ರಿಂಟರ್, ಅಷ್ಟೇ. ಜುಲೈನಲ್ಲಿ ಒಂದು ಬೆಳಿಗ್ಗೆ, ಹರಾಜು ಜೋರಾಗಿರುವಾಗಲೇ ಮಂಡಿಯವರ ಫೋನ್: "ಏನಪ್ಪಾ, ನಿನ್ನ ಚೀಟಿ ಬರೋಷ್ಟೊತ್ತಿಗೆ ಟೀ ಆರೋಗ್ತದೆ!" ಹಿಂದಿನ ರಾತ್ರಿ ಅಪ್‌ಡೇಟ್ ಹಾಕಿದವನು ನಾನೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಓಡಿತ್ತು. ಓಡದೇ ಇರುತ್ತಾ? ಅಲ್ಲಿದ್ದದ್ದು 200 ಚೀಟಿ. ಮಂಡಿಯ ಕಂಪ್ಯೂಟರ್‌ನಲ್ಲಿ ಮೂರು ವರ್ಷದ ಲೆಕ್ಕ.

ಸ್ನೇಹಿತರೆಲ್ಲ ಹೇಳಿದ್ದು ಒಂದೇ, "ಸಿಐ ಹಾಕು." ಅಂದರೆ ಕಂಟಿನ್ಯುಯಸ್ ಇಂಟಿಗ್ರೇಷನ್: ಬದಲಾಯಿಸಿದ ಕೋಡ್ ಸರ್ವರ್‌ಗೆ ಕಳಿಸಿದಾಗಲೆಲ್ಲ (ಪುಶ್) ಟೆಸ್ಟ್ ತಾನಾಗೇ ಓಡುವ ಹಾಗೆ ಮಾಡು ಅಂತ. ಸರಿ, ಆದರೆ ಏನನ್ನು ಟೆಸ್ಟ್ ಮಾಡಲಿ? ಎಲ್ಲಿ ನಿಧಾನ ಅಂತಲೇ ಗೊತ್ತಿರಲಿಲ್ಲ.

ಹಾಗಿದ್ದಾಗ ಕೈಯಲ್ಲೇ ಅಳೆಯಿರಿ. ನಾನು ಮಂಡಿಗೇ ಹೋಗಿ, ಬಟನ್ ಒತ್ತಿದಾಗಿನಿಂದ ಕಾಗದ ಹೊರಬರುವ ತನಕ ಫೋನಿನ ಸ್ಟಾಪ್‌ವಾಚ್ ಹಿಡಿದೆ. ಆರು ಸಲ. ಮೊದಲನೆಯದನ್ನು ಬಿಟ್ಟುಬಿಡಿ, ಆಗ ಡೇಟಾ ಇನ್ನೂ ಡಿಸ್ಕ್‌ನಿಂದ ಬರುತ್ತಿರುತ್ತದೆ. ಉಳಿದ ಐದರಲ್ಲಿ ನಡುವಿನದನ್ನು ಇಟ್ಟುಕೊಳ್ಳಿ. ನನಗೆ ಸಿಕ್ಕಿದ್ದು 9 ಸೆಕೆಂಡ್. ಅದರಲ್ಲಿ 2 ಬರೀ ಪ್ರಿಂಟರ್‌ದು. ಇದನ್ನು ಯಾವ ಸಿಐಯೂ ಹೇಳುತ್ತಿರಲಿಲ್ಲ. ತಾರೀಖು, ಗಿಟ್ ಕಮಿಟ್ ನಂಬರ್ (ಆಗ ಓಡಿದ ಕೋಡ್ ಯಾವ ಆವೃತ್ತಿ ಅನ್ನುವ ಗುರುತು), ಎಷ್ಟು ಚೀಟಿ ಇದ್ದವು, ಮೂರನ್ನೂ ನೋಟ್‌ಬುಕ್‌ನಲ್ಲಿ ಬರೆದಿಡಿ. ಇಲ್ಲದಿದ್ದರೆ ಮುಂದಿನ ತಿಂಗಳು "ನಿಧಾನ ಆದ ಹಾಗಿದೆ" ಅಂತ ಸುಮ್ನೆ ತಲೆ ಕೆರೆದುಕೊಳ್ಳಬೇಕಾಗುತ್ತೆ. ಕಮ್ಯಾಂಡ್ ಲೈನ್ ಪ್ರೋಗ್ರಾಂ ಆದರೆ ಹೈಪರ್‌ಫೈನ್ ಅನ್ನೋ ಸಮಯ ಅಳೆಯುವ ಟೂಲ್ ಬಳಸಿ. ಕಡಿಮೆ ಅಂದರೆ 10 ಸಲ ಓಡಿಸಿ ಸರಾಸರಿ ಕೊಡುತ್ತದೆ.

ತಪ್ಪು ಸಿಕ್ಕಿದ್ದು 'ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್' ಹಾಕಿದಾಗ. ಡೇಟಾಬೇಸ್ ಮಾಹಿತಿಯನ್ನು ಹೇಗೆ ಹುಡುಕುತ್ತದೆ ಅಂತ ತೋರಿಸುವ ಆದೇಶ ಅದು. 'ಸರ್ಚ್' ಅಂತ ಇರಬೇಕಾದ ಕಡೆ 'ಸ್ಕ್ಯಾನ್' ಅಂತಿತ್ತು. ತಾರೀಖಿನ ಕಾಲಂಗೆ ನಾನು ಒಂದು ಫಂಕ್ಷನ್ ಸುತ್ತಿದ್ದೆ. ಬೇಗ ಹುಡುಕಲು ಇಟ್ಟಿದ್ದ ಸೂಚಿ, ಅಂದರೆ ಇಂಡೆಕ್ಸ್, ಇದ್ದೂ ಪ್ರಯೋಜನವಿಲ್ಲ, ಒಂದು ಚೀಟಿಗೆ ಇಡೀ ಟೇಬಲ್ ಓದುತ್ತಿತ್ತು.

ನವೆಂಬರ್‌ನಲ್ಲಿ ಅದೇ ತಪ್ಪು ಮತ್ತೆ ಮಾಡಿದೆ! ಸಿಐಗೆ ಹೋಗುವ ಹೊತ್ತು ಅದು. ಏನು ನೋಡಬೇಕು ಅಂತ ಗೊತ್ತಿದೆ, ನೋಡೋದು ನನಗೆ ಮರೆಯುತ್ತೆ.

ಆದರೆ ಸಿಐನಲ್ಲಿ ಸೆಕೆಂಡ್ ಅಳೆಯಬೇಡಿ. ಗಿಟ್‌ಹಬ್‌ನ ಸಿಐ ಸೇವೆ 'ಗಿಟ್‌ಹಬ್ ಆಕ್ಷನ್ಸ್' ಕೊಡುವುದು ಒಂದು ವರ್ಚುವಲ್ ಮಷೀನ್. ಅದೇ ಕೋಡ್ ಇವತ್ತು ಬೇಗ ಮುಗಿದರೆ ನಾಳೆ ನಿಧಾನ. ಕಾರಣವಿಲ್ಲದೆ ಕೆಂಪು (ಫೇಲ್) ತೋರಿಸಿದರೆ ವಾರದಲ್ಲಿ ಅದನ್ನು ನೋಡುವುದೇ ಬಿಡುತ್ತೀರಿ. ಬದಲಾಗದಂಥದ್ದನ್ನು ಹಾಕಿ. ನನ್ನದರಲ್ಲಿ ಎರಡೇ ಟೆಸ್ಟ್: ಕ್ವೆರಿ ಪ್ಲಾನ್‌ನಲ್ಲಿ 'ಸ್ಕ್ಯಾನ್' ಕಂಡರೆ ಫೇಲ್, 15 ಕೆಜಿ ಬಾಕ್ಸ್‌ಗಳ ಲೆಕ್ಕದಲ್ಲಿ ಒಂದು ಪೈಸೆ ತಪ್ಪಿದರೂ ಫೇಲ್.

ಇನ್ನೊಂದು, ಗಿಟ್‌ಹಬ್‌ನ ಫ್ರೀ ಪ್ಲಾನ್‌ನಲ್ಲಿ ಪ್ರೈವೇಟ್ ರೆಪೊಗೆ (ಹೊರಗಿನವರಿಗೆ ಕಾಣದ ಕೋಡ್ ಸಂಗ್ರಹ) ತಿಂಗಳಿಗೆ 2,000 ನಿಮಿಷ ಫ್ರೀ. ಜಾಸ್ತೀನೇ ಆಯ್ತು ಅನ್ಸುತ್ತೆ ಅಲ್ವಾ? ಆದರೆ ಜಾಬ್ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ 360 ನಿಮಿಷದ ತನಕ ಓಡುತ್ತಲೇ ಇರುತ್ತೆ. 'ಟೈಮ್‌ಔಟ್-ಮಿನಿಟ್ಸ್' 5 ಅಂತ ಇಟ್ಟುಬಿಡಿ.

ಪ್ರಿಂಟರ್‌ನ 2 ಸೆಕೆಂಡ್ ಮಾತ್ರ ಇನ್ನೂ ಹಾಗೇ ಇದೆ. ಅದಕ್ಕೆ ಫೋನ್ ಹಿಡಿದು ಮತ್ತೆ ಮಂಡಿಗೇ ಹೋಗಬೇಕು.