ಅಪಘಾತದ ಪಟ್ಟಿ ಬರೆದವನು ಕಂಡದ್ದು

ಪೊಲೀಸ್ ಠಾಣೆಯಲ್ಲಿ ರೈಟರ್, ಅಂದರೆ ದಾಖಲೆ ಬರೆಯುವವನು, ಆಗಿದ್ದಷ್ಟು ದಿನ ತಿಂಗಳ ಕೊನೆಗೆ ಅಪಘಾತದ ಪಟ್ಟಿ ಬರೆಯುವುದು ನನ್ನ ಕೆಲಸ. ಕೇಸು ಎಷ್ಟು, ಸತ್ತವರೆಷ್ಟು, ಗಾಯಾಳುಗಳೆಷ್ಟು ಎಂದು ತುಂಬಿ ಮೇಲಕ್ಕೆ ಕಳಿಸಿದರೆ ಮುಗಿಯಿತು. ಅದೆಲ್ಲ ಸೇರಿ ದೇಶದ ಲೆಕ್ಕ ಹೇಗಾಗುತ್ತದೆ ಅಂತ ನೋಡಿದ್ದು ನಿವೃತ್ತಿಯಾದ ಮೇಲೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಗಳನ್ನು ಮುಂದಿಟ್ಟುಕೊಂಡು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿದೆ. 2010ರಲ್ಲಿ ಅಪಘಾತ 4,99,628, ಗಾಯಾಳು 5,27,512, ಸಾವು 1,34,513. 2022ರಲ್ಲಿ ಅಪಘಾತ 4,61,312, ಗಾಯಾಳು 4,43,366, ಸಾವು 1,68,491.

ಅಪಘಾತ ಇಳಿದಿದೆ. ಗಾಯಾಳುಗಳು ಇನ್ನೂ ಜಾಸ್ತಿ ಇಳಿದಿದ್ದಾರೆ. ಸಾವು ಮಾತ್ರ ಏರಿದೆ! ಭಾಗಿಸಿ ನೋಡಿದೆ. ನೂರು ಅಪಘಾತಕ್ಕೆ ಸುಮಾರು 27 ಸಾವು ಇದ್ದದ್ದು 36 ದಾಟಿತ್ತು.

ರಸ್ತೆ ಅಗಲವಾಯಿತು, ವೇಗ ಹೆಚ್ಚಿತು, ಅದು ನಿಜ. 2022ರಲ್ಲಿ ಸತ್ತವರಲ್ಲಿ ನೂರಕ್ಕೆ 71 ಮಂದಿಯ ಸಾವಿಗೆ ಅತಿವೇಗ ಕಾರಣ ಅಂತ ವರದಿಯೇ ಹೇಳುತ್ತದೆ. ಆದರೆ ಗಾಯಾಳುಗಳ ಕಾಲಂ ತುಂಬಿದವನು ನಾನು. ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ಬೈಕ್ ಸ್ಕಿಡ್ ಆಗಿ ತಾವೇ ಬಿದ್ದವರು ಕೈ ಮುರಿದರೂ ದೂರು ಕೊಡುವುದಿಲ್ಲ. ಬೇರೆ ವಾಹನ ಗುದ್ದಿ ಗಾಯವಾದರೆ ಆಸ್ಪತ್ರೆಯಿಂದ ಎಂಎಲ್‌ಸಿ ಮೆಮೊ, ಅಂದರೆ ಪೊಲೀಸರಿಗೆ ತಿಳಿಸುವ ಚೀಟಿ, ಬರುತ್ತಿತ್ತು. ಹೇಳಿಕೆ ತಗೊಳ್ಳೋಣ ಅಂತ ಹೋದರೆ, "ಗುದ್ದಿದವರು ಖರ್ಚು ಕೊಡ್ತೀವಿ ಅಂದಿದ್ದಾರೆ ಸಾರ್, ಕೇಸು ಬೇಡ" ಅನ್ನುತ್ತಿದ್ದರು. ಎಫ್‌ಐಆರ್ ಇಲ್ಲದಿದ್ದರೆ ಪಟ್ಟಿಯಲ್ಲಿ ಅವರೂ ಇಲ್ಲ. ಸಾವು ಹಾಗಲ್ಲ ಅಲ್ವಾ? ಪಂಚನಾಮೆ ಆಗಬೇಕು, ಪೋಸ್ಟ್‌ಮಾರ್ಟಂ ಆಗಬೇಕು, ಪರಿಹಾರ ಕೇಳಲಿಕ್ಕೂ ಎಫ್‌ಐಆರ್ ಬೇಕು. ಹಾಗಾಗಿ ವರ್ಷ ವರ್ಷ ಹೋಲಿಸುವಾಗ ನಾನು ಮೊದಲು ನೋಡುವುದು ಸಾವಿನ ಕಾಲಂ.

ಅದರಲ್ಲೂ ತಪ್ಪುಗಳಿವೆ. ಅಪಘಾತವಾಗಿ 30 ದಿನದೊಳಗೆ ಜೀವ ಹೋದರೆ ಅದನ್ನು ರಸ್ತೆ ಅಪಘಾತದ ಸಾವು ಎಂದೇ ಬರೆಯಬೇಕು. ಒಮ್ಮೆ ಹಾಲಿನ ಕ್ಯಾನ್ ಒಯ್ಯುತ್ತಿದ್ದ ಹುಡುಗನೊಬ್ಬನಿಗೆ ತಲೆಗೆ ಪೆಟ್ಟಾಗಿ ದೊಡ್ಡಾಸ್ಪತ್ರೆಗೆ ಕಳಿಸಿದ್ದರು. ಹದಿನೈದು ದಿನದ ಮೇಲೆ ಡೆತ್ ಮೆಮೊ ಬಂತು. ಕೇಸಿಗೆ ನಿರ್ಲಕ್ಷ್ಯದಿಂದಾದ ಸಾವಿಗೆ ಆಗ ಹಾಕುತ್ತಿದ್ದ ಐಪಿಸಿ ಕಲಂ 304-ಎ ಸೇರಿಸಿದೆ. ಅಷ್ಟರಲ್ಲಿ ಆ ತಿಂಗಳ ಪಟ್ಟಿ ಹೋಗಿಯಾಗಿತ್ತು. ಅದನ್ನು ತಿದ್ದಿ ಕಳಿಸಲಿಲ್ಲ. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಈಗ ಠಾಣೆಯವರು ಐರ್ಯಾಡ್ ಎಂಬ ಸರ್ಕಾರಿ ಅಪಘಾತ ದಾಖಲೆ ಆ್ಯಪ್‌ನಲ್ಲಿ ಸ್ಥಳದಿಂದಲೇ ವಿವರ ತುಂಬುತ್ತಾರೆ. ಹಳೇ ಪರಿಚಯದವರು ಸಿಕ್ಕಾಗಲೆಲ್ಲ ನಾನು ಕೇಳುವುದು ಒಂದೇ: ದೊಡ್ಡಾಸ್ಪತ್ರೆಗೆ ಕಳಿಸಿದವರು ಏನಾದರು ಅಂತ ತಿಂಗಳಾದ ಮೇಲೆ ವಿಚಾರಿಸಿದಿರಾ?